ಚೆಂಡಿನ ಒಡನಾಟವೇ ಮೊದಲ ಪಾಠ

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬುದು ನಮ್ಮ ಹಿರಿಯರ ಮಾತು. ಅಭ್ಯಾಸದಿಂದ ಗುಣವೂ ಬೇರೂರುತ್ತದೆ, ದೋಷವೂ ಬೇರೂರುತ್ತದೆ ಎಂಬುದು ಇದರ ಅಭಿಪ್ರಾಯ. ಮಕ್ಕಳ ಕಾಲ್ಚೆಂಡಾಟಕ್ಕೂ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಮಗು ಆಟ ಮುಗಿಸಿ ಮನೆಗೆ ಬಂದೊಡನೆ ‘ಗೆದ್ದೆಯಾ? ಎಷ್ಟು ಗೋಲು ಹೊಡೆದೆ?’ ಎಂದು ನಾವು ಕೇಳುತ್ತೇವೆ. ಚೆಂಡು ಕಾಲಿಗೆ ಎಷ್ಟು ಬಾರಿ ದೊರೆಯಿತೆಂದು ಕೇಳುವವರು ವಿರಳ. ಒಂದು ಸರಳ ಲೆಕ್ಕವನ್ನು ನೋಡೋಣ. ದೊಡ್ಡವರ ಪಂದ್ಯದ ಅವಧಿ 90 ನಿಮಿಷ, ಆಡುವವರು 22 ಮಂದಿ, ಚೆಂಡು ಒಂದೇ. ಸಮನಾಗಿ ಹಂಚಿದರೂ ಒಬ್ಬರ ಪಾಲಿಗೆ ಬರುವುದು ಸುಮಾರು 4 ನಿಮಿಷ. ಚೆಂಡು ಗೆರೆಯಾಚೆ ಹೋದ ಹೊತ್ತನ್ನು ಕಳೆದರೆ ಅದೂ ಇಲ್ಲ. ಮಕ್ಕಳ ಪಂದ್ಯವಂತೂ ಇದಕ್ಕಿಂತ ಚಿಕ್ಕದು. ಆದುದರಿಂದ ಕೇವಲ ಪಂದ್ಯಗಳನ್ನಾಡುವುದರಿಂದ ಕೈವಶವಾಗುವ ವಿದ್ಯೆ ಇದಲ್ಲ.

ಈ ಸತ್ಯವನ್ನು ಮನಗಂಡವರಲ್ಲಿ ನೆದರ್ಲೆಂಡ್ಸಿನ ತರಬೇತುದಾರ ವೀಲ್ ಕೂರ್ವರ್ ಪ್ರಮುಖರು. 1974ರಲ್ಲಿ ಅವರ ಮಾರ್ಗದರ್ಶನದಲ್ಲಿ ರೋಟರ್‌ಡ್ಯಾಮಿನ ಫೇಯನೂರ್ಡ್ ತಂಡವು ಯೂಎಫಾ ಕಪ್ಪನ್ನು ಗೆದ್ದಿತು. ಶ್ರೇಷ್ಠ ಆಟಗಾರರ ಚಲನೆಗಳನ್ನು ಚಲನಚಿತ್ರಗಳಲ್ಲಿ ಸೂಕ್ಷ್ಮವಾಗಿ ನೋಡಿದ ಅವರು, ಆ ಚಳಕ ಹುಟ್ಟಿನಿಂದ ಬಂದ ವರವಷ್ಟೇ ಅಲ್ಲ, ಬಿಡಿಬಿಡಿಯಾಗಿ ಕಲಿಸಬಹುದಾದ ವಿದ್ಯೆ ಎಂದು ಪ್ರತಿಪಾದಿಸಿದರು. 2011ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಬೆಳೆದ ಪದ್ಧತಿಯಲ್ಲಿ ಚೆಂಡಿನ ಮೇಲಿನ ಹತೋಟಿಯೇ ತಳಪಾಯ. ಕೂಡಿ ಆಡುವ ಆಟ ಅದರ ಮೇಲಿನ ಕಟ್ಟಡ.

ಇದರ ಮರ್ಮವೇನು? ಮೊದಮೊದಲು ಮಗುವಿನ ದೃಷ್ಟಿಯೆಲ್ಲ ಚೆಂಡಿನ ಮೇಲೆಯೇ ಇರುತ್ತದೆ. ಒಳಪಾದ, ಹೊರಪಾದ, ಅಂಗಾಲುಗಳಿಂದ, ಎರಡೂ ಕಾಲುಗಳಲ್ಲಿ, ಮತ್ತೆ ಮತ್ತೆ ಆಡಿಸಿದಾಗ ಕಾಲು ತನ್ನ ಕೆಲಸವನ್ನು ತಾನೇ ಅರಿಯುತ್ತದೆ. ಆಗ ಕಣ್ಣಿಗೆ ಬಿಡುವು ದೊರೆಯುತ್ತದೆ. ತಲೆಯೆತ್ತಿ ಜೊತೆಗಾರ ಎಲ್ಲಿದ್ದಾನೆ, ಎದುರಾಳಿ ಎಲ್ಲಿ ಬರುತ್ತಿದ್ದಾನೆ ಎಂದು ನೋಡಬಲ್ಲವನೇ ನಿಜವಾದ ಆಟಗಾರ.

ಆದರೆ ಗಾದೆಯ ಉತ್ತರಾರ್ಧವನ್ನು ಮರೆಯಲಾಗದು. ತಪ್ಪನ್ನು ನೂರು ಬಾರಿ ಮಾಡಿದರೆ ತಪ್ಪೇ ರೂಢಿಯಾಗುತ್ತದೆ. ಆದುದರಿಂದ ತಿದ್ದುವ ಗುರು ಬೇಕು. ಎಲ್ಲವನ್ನೂ ಪುನರಾವರ್ತಿಸುವುದೂ ಸಲ್ಲದು. ಮೆದುಳಿನ ಸುರಕ್ಷತೆಗಾಗಿ ಅಮೆರಿಕದ ಫುಟ್ಬಾಲ್ ಒಕ್ಕೂಟವು 10 ವರ್ಷ ಹಾಗೂ ಅದಕ್ಕಿಂತ ಕಿರಿಯ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನು 2015ರಲ್ಲಿ ನಿಷೇಧಿಸಿತು. ಬೆಳೆಯುವ ಮೊಣಕಾಲು ನೋಯುತ್ತಿದೆ ಎಂದು ಮಗು ಹೇಳಿದರೆ ಅದನ್ನು ಸೋಮಾರಿತನವೆಂದು ಗದರಿಸದೆ ವಿಶ್ರಾಂತಿ ಕೊಡಬೇಕು. ಒಂಟಿ ಅಭ್ಯಾಸವೊಂದೇ ಸಾಲದು. ಎದುರಾಳಿಯ ಮುಂದೆ ಅದು ಪರೀಕ್ಷೆಗೊಳಗಾಗಬೇಕು. ಮೂವರಿಗೆ ಮೂವರು, ನಾಲ್ವರಿಗೆ ನಾಲ್ವರು ಆಡುವ ಚಿಕ್ಕ ಆಟಗಳು ಇದಕ್ಕೆ ಉತ್ತಮ.

ಸಾಲಿನಲ್ಲಿ ನಿಂತು ಸರದಿ ಕಾಯುವ ಮಗು ಕಲಿಯುವುದು ಕಾಯುವುದನ್ನೇ. ಮಗುವಿಗೊಂದು ಚೆಂಡು, ಹಿತ್ತಲಿನ ಒಂದು ಗೋಡೆ, ದಿನವೂ ಸ್ವಲ್ಪ ಹೊತ್ತು, ಇಷ್ಟಿದ್ದರೆ ಆರಂಭಕ್ಕೆ ಸಾಕು. ಇನ್ನು ಮುಂದೆ ಸಂಜೆ ಮನೆಗೆ ಬಂದ ಮಗುವನ್ನು ‘ಇಂದು ಎಡಗಾಲಿಗೆ ಎಷ್ಟು ಕೆಲಸ ಕೊಟ್ಟೆ?’ ಎಂದು ಕೇಳೋಣ.