ಸೇಂಟ್ ಕಿಲ್ಡಾದಲ್ಲಿ ನಾಷ್ಟಾ

ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಭಾನುವಾರ ಕಡಲತೀರಕ್ಕೆ ನಾಷ್ಟಾ ಮಾಡಲು ಕರೆದೊಯ್ಯುತ್ತಾನೆ. ಅಲ್ಲಿ ನಾವು ತಿನ್ನುವಂಥದ್ದು ಏನಿದ್ದೀತು? ಪ್ರಯಾಣಕ್ಕೆ ಹೊರಟ ತಾಯಂದಿರಿಗೆ ಈ ಚಿಂತೆ ಸಹಜ.

ಸೇಂಟ್ ಕಿಲ್ಡಾ, ನಗರದ ಮಧ್ಯಭಾಗದಿಂದ ಸುಮಾರು 6 ಕಿ.ಮೀ. ದೂರದ ಕಡಲತೀರದ ಬಡಾವಣೆ. 96ನೇ ನಂಬರಿನ ಟ್ರಾಮ್ ಹತ್ತಿದರೆ ಸಾಕು. 1912ರಲ್ಲಿ ತೆರೆದ ಲೂನಾ ಪಾರ್ಕ್‌ನ ಬಳಿಯೇ ಆಕ್ಲೆಂಡ್ ಬೀದಿ. ಅಲ್ಲಿ ಕೆಫೆಗಳೂ ಹೆಸರಾಂತ ಕೇಕ್ ಅಂಗಡಿಗಳೂ ಇವೆ. ನಾಷ್ಟಾ ಮತ್ತು ಮಧ್ಯಾಹ್ನದೂಟ ಎರಡೂ ಸೇರಿದ ಊಟವನ್ನು ಅವರು ಬ್ರಂಚ್ ಎನ್ನುತ್ತಾರೆ.

ಮೊಟ್ಟೆ, ಅಣಬೆ, ಬೆಣ್ಣೆಹಣ್ಣು ಹಚ್ಚಿದ ಟೋಸ್ಟ್. ನೋಡಲು ಯಾವ ತೊಂದರೆಯೂ ಕಾಣದು. ಆದರೆ ಬೇಕನ್ ಎಂಬ ಹಂದಿಮಾಂಸವನ್ನು ಹುರಿದ ಕಾವಲಿಯಲ್ಲೇ ನಿಮ್ಮ ಮೊಟ್ಟೆಯೂ ಬೇಯಬಹುದು. ಕೆಲವು ಸಿಹಿತಿಂಡಿಗಳಲ್ಲಿ ಜೆಲಟಿನ್ ಅಥವಾ ಮದ್ಯ ಇರುತ್ತದೆ.

ಆದ್ದರಿಂದ ಕುಳಿತುಕೊಳ್ಳುವ ಮುನ್ನವೇ ಕೇಳಿ: "ಬೇರೆ ಪಾತ್ರೆಯಲ್ಲಿ ಮಾಡಿಕೊಡುವಿರಾ?" ಅಲರ್ಜಿ ಇರುವವರು, ಸಸ್ಯಾಹಾರಿಗಳು ದಿನವೂ ಇಂಥದ್ದನ್ನು ಕೇಳುವ ಊರು ಅದು. ಒಳಗೆ ಹೋಗಿ ಅಡುಗೆಯವರನ್ನು ವಿಚಾರಿಸಿ ಬಂದು ಉತ್ತರಿಸುವ ಕೆಫೆಯೇ ಒಳ್ಳೆಯ ಕೆಫೆ. ಉತ್ತರ ಸ್ಪಷ್ಟವಿಲ್ಲದಿದ್ದರೆ ಮುಗುಳ್ನಕ್ಕು ಮುಂದಿನ ಬಾಗಿಲಿಗೆ ನಡೆಯಿರಿ.

ಸಂಕೋಚ ಬೇಡ, ಸಹೋದರಿಯರೇ. ಅಲ್ಲಿಯೇ ಬೆಳೆಯುವ ಮೊಮ್ಮಕ್ಕಳು ಕೇಳಿ ತಿನ್ನುವುದನ್ನು ಕಲಿಯುವುದು ಅಜ್ಜಿಯನ್ನು ನೋಡಿಯೇ.