ಈಜುಕೊಳದಿಂದ ಅಧ್ಯಕ್ಷಪೀಠಕ್ಕೆ

ಆಟವಾಡಿ ಹೆಸರು ಗಳಿಸಿದವರು ಆಟದ ಆಡಳಿತವನ್ನೂ ನಡೆಸಬಲ್ಲರೇ ಎಂಬ ಪ್ರಶ್ನೆ ಹಳೆಯದು. 2025ರ ಮಾರ್ಚ್ 20ರಂದು ಗ್ರೀಸಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಅದನ್ನು ಮತಕ್ಕೆ ಹಾಕಿತೆನ್ನಬಹುದು. ಕಣದಲ್ಲಿ ಏಳು ಮಂದಿ. ಚಲಾವಣೆಯಾದ ಮತಗಳು 97. ಮೊದಲ ಸುತ್ತಿನಲ್ಲಿಯೇ 49 ಮತ ಪಡೆದು, ಅಂದರೆ ಬೇಕಾದುದಕ್ಕಿಂತ ಒಂದೂ ಹೆಚ್ಚಿಲ್ಲದೆ, ಗೆದ್ದವರು ಜಿಂಬಾಬ್ವೆಯ ಕರ್ಸ್ಟಿ ಕೊವೆಂಟ್ರಿ. 1894ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಅಧ್ಯಕ್ಷರಾದ ಮೊದಲ ಮಹಿಳೆ ಅವರು. ಆಫ್ರಿಕದಿಂದ ಬಂದ ಮೊದಲಿಗರೂ ಅವರೇ. ಆಗ ಅವರ ವಯಸ್ಸು 41.

1983ರಲ್ಲಿ ಹರಾರೆಯಲ್ಲಿ ಹುಟ್ಟಿದ ಈಕೆಯನ್ನು ರೂಪಿಸಿದ್ದು ಅಮೆರಿಕದ ಅಲಬಾಮ ರಾಜ್ಯದ ಆಬರ್ನ್ ವಿಶ್ವವಿದ್ಯಾಲಯ. ಅಲ್ಲಿನ ಕಾಲೇಜು ಕ್ರೀಡೆ ನಮ್ಮ ಅಂತರಕಾಲೇಜು ಪಂದ್ಯಗಳಂಥದಲ್ಲ. ತರಬೇತುದಾರರು, ಕೊಳ, ವಿದ್ಯಾರ್ಥಿವೇತನ ಎಲ್ಲವೂ ಸೇರಿ ಅದೊಂದು ಪೂರ್ಣ ವ್ಯವಸ್ಥೆ. ಬಡರಾಷ್ಟ್ರಗಳ ಪ್ರತಿಭೆಗೂ ಅಲ್ಲಿ ಬಾಗಿಲು ತೆರೆದಿರುತ್ತದೆ. 2003 ಮತ್ತು 2004ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದ ಆಬರ್ನ್ ತಂಡದಲ್ಲಿ ಕೊವೆಂಟ್ರಿ ಇದ್ದರು.

ಅವರ ವಿಶೇಷವೆಂದರೆ ಬ್ಯಾಕ್‌ಸ್ಟ್ರೋಕ್, ಆಕಾಶಕ್ಕೆ ಮುಖಮಾಡಿ ಈಜುವ ಬಗೆ. ಇದರಲ್ಲಿ ಗುರಿ ಕಣ್ಣಿಗೆ ಬೀಳುವುದಿಲ್ಲ. ಕೊಳದ ಮೇಲೆ ಕಟ್ಟಿದ ಧ್ವಜಗಳನ್ನು ಕಂಡು, ತೋಳ ಬೀಸುಗಳನ್ನು ಎಣಿಸಿ, ಗೋಡೆಯ ದೂರವನ್ನು ಊಹಿಸಬೇಕು. 2004ರ ಅಥೆನ್ಸ್ ಮತ್ತು 2008ರ ಬೀಜಿಂಗ್, ಎರಡರಲ್ಲಿಯೂ 200 ಮೀಟರಿನ ಚಿನ್ನ ಅವರದೇ. ಒಟ್ಟು ಒಲಿಂಪಿಕ್ ಪದಕಗಳು ಏಳು. ಅದಕ್ಕೆ ಮುನ್ನ ಜಿಂಬಾಬ್ವೆಗೆ ದಕ್ಕಿದ್ದುದು 1980ರ ಮಹಿಳಾ ಹಾಕಿಯ ಚಿನ್ನವೊಂದೇ. ಬಿಳಿಯರ ಜಮೀನುಗಳನ್ನು ಸರಕಾರ ವಶಪಡಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಬಿಳಿಯ ತರುಣಿಯೊಬ್ಬಳನ್ನು ಆ ದೇಶ ಮೆರೆಸಿತು. ಬೀಜಿಂಗಿನ ಬಳಿಕ ಅಧ್ಯಕ್ಷ ಮುಗಾಬೆ ಆಕೆಗೆ ಒಂದು ಲಕ್ಷ ಅಮೆರಿಕನ್ ಡಾಲರುಗಳ ಬಹುಮಾನವಿತ್ತರು.

ಆದರೆ ಆಡಳಿತದ ನೀರು ಬೇರೆಯೇ. ಕ್ರೀಡಾಪಟುಗಳ ಪ್ರತಿನಿಧಿಯಾಗಿ 2013ರಲ್ಲಿ ಒಲಿಂಪಿಕ್ ಸಮಿತಿಯ ಸದಸ್ಯತ್ವ ಪಡೆದಿದ್ದ ಅವರು, 2018ರಲ್ಲಿ ಸ್ವದೇಶದ ಕ್ರೀಡಾ ಸಚಿವೆಯೂ ಆದರು. ಸರಕಾರಗಳು ಕ್ರೀಡಾಸಂಸ್ಥೆಗಳಲ್ಲಿ ಕೈಯಾಡಿಸಬಾರದೆಂಬುದು ಒಲಿಂಪಿಕ್ ನೀತಿ, ಸಚಿವೆಯೆಂದರೆ ಸರಕಾರವೇ. ಈ ಎರಡು ಪಾತ್ರಗಳ ಘರ್ಷಣೆ ಬೇಗನೆ ಬಯಲಾಯಿತು. ಹಣದ ದುರುಪಯೋಗ, ಮಹಿಳಾ ರೆಫರಿಗಳಿಗೆ ಕಿರುಕುಳ ಎಂಬ ಆರೋಪಗಳ ಮೇಲೆ 2021ರ ನವೆಂಬರಿನಲ್ಲಿ ಸರಕಾರಿ ಕ್ರೀಡಾ ಆಯೋಗ ಫುಟ್‌ಬಾಲ್ ಮಂಡಳಿಯನ್ನು ಅಮಾನತಿನಲ್ಲಿಟ್ಟಿತು. ಇದು ಸರಕಾರದ ಹಸ್ತಕ್ಷೇಪವೆಂದು ಫೀಫಾ 2022ರ ಫೆಬ್ರವರಿಯಲ್ಲಿ ದೇಶವನ್ನೇ ಹೊರಗಿಟ್ಟಿತು. 2023ರ ಜುಲೈವರೆಗೆ ಜಿಂಬಾಬ್ವೆಗೆ ಅಂತರರಾಷ್ಟ್ರೀಯ ಫುಟ್‌ಬಾಲ್ ಇಲ್ಲವಾಯಿತು. ಆರೋಪಗಳು ಲಘುವಾದವಲ್ಲ, ಸುಮ್ಮನಿರುವುದೂ ಸರಿಯಾಗುತ್ತಿರಲಿಲ್ಲ. ಆದರೂ ದಂಡ ತೆತ್ತವರು ಆಟಗಾರರು. ಅವರ ಟೀಕಾಕಾರರು ಈ ಪ್ರಸಂಗವನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ.

2025ರ ಜೂನ್ 23ರಂದು ಲೋಸಾನಿನಲ್ಲಿ ಥಾಮಸ್ ಬಾಕ್ ಅವರಿಂದ ಅಧಿಕಾರ ಹಸ್ತಾಂತರವಾಯಿತು. ಅವಧಿ ಎಂಟು ವರ್ಷ. ಮೊದಲ ವಾರದಲ್ಲಿಯೇ ಅವರು ಮುಂದಿನ ಆತಿಥೇಯ ನಗರಗಳ ಆಯ್ಕೆಯ ಕ್ರಮವನ್ನು ತಡೆಹಿಡಿದರು. ಆಯ್ಕೆಯಲ್ಲಿ ಸದಸ್ಯರಿಗೆ ಹೆಚ್ಚಿನ ಪಾತ್ರವಿರಬೇಕು, ಯಾವಾಗ ಆರಿಸಬೇಕೆಂಬುದನ್ನೂ ಪುನರ್ವಿಮರ್ಶಿಸಬೇಕು ಎಂಬುದು ಕಾರಣ. 2036ರ ಕೂಟಕ್ಕಾಗಿ 2024ರಲ್ಲಿಯೇ ಪತ್ರ ಸಲ್ಲಿಸಿದ್ದ ಭಾರತಕ್ಕೂ ಆ ತೀರ್ಮಾನ ಅನ್ವಯಿಸಿತು.