ಭಿಕ್ಷುಕನ ವೇಷದಲ್ಲಿ ಬಂದ ಮನೆ ಯಜಮಾನ!

ಹೀರೋ ಮನೆ ಬಿಟ್ಟು ಇಪ್ಪತ್ತು ವರ್ಷ. ಸತ್ತನೋ, ಬದುಕಿದ್ದಾನೋ ಯಾರಿಗೂ ಗೊತ್ತಿಲ್ಲ. ಹೊರಟಾಗ ತೊಟ್ಟಿಲಲ್ಲಿದ್ದ ಮಗನಿಗೆ ಈಗ ಮೀಸೆ ಮೂಡಿದೆ. ಮನೆ ತುಂಬಾ ನೂರೆಂಟು ಮಂದಿ ಪುಂಡರು! ‘ನಿನ್ನ ಗಂಡ ಸತ್ತ, ನಮ್ಮಲ್ಲೊಬ್ಬನನ್ನು ಮದುವೆಯಾಗು’ ಎಂದು ಅವನ ಹೆಂಡತಿಯನ್ನು ಪೀಡಿಸುತ್ತಾ, ಅವನದೇ ಹಂದಿ, ಮೇಕೆ, ದನ ಕಡಿದು ತಿನ್ನುತ್ತಾ, ಅವನದೇ ದ್ರಾಕ್ಷಾರಸ ಕುಡಿಯುತ್ತಾ ಕೂತಿದ್ದಾರೆ. ಒಂದು ದಿನ ಬಾಗಿಲಿಗೆ ಚಿಂದಿ ಬಟ್ಟೆಯ ಮುದಿ ಭಿಕ್ಷುಕನೊಬ್ಬ ಬಂದು ಕೈ ಚಾಚುತ್ತಾನೆ...

ಅವನೇ ಹೀರೋ! ಅವನೇ ಮನೆ ಯಜಮಾನ!

ಯಾವ ಚಿತ್ರದ ಕಥೆ ಸ್ವಾಮಿ ಇದು ಅಂತೀರಾ? ಸಿನಿಮಾ ಹುಟ್ಟುವುದಕ್ಕೆ ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನಲ್ಲಿ ಹಾಡಿದ ಕಥೆ. ಹೆಸರು ‘ಒಡಿಸ್ಸಿ’. ಕವಿ ಹೋಮರ್. 24 ಅಧ್ಯಾಯ, 12 ಸಾವಿರಕ್ಕೂ ಹೆಚ್ಚು ಸಾಲು. ಹೀರೋ ಹೆಸರು ಒಡಿಸ್ಯೂಸ್, ಇಥಾಕಾ ಎಂಬ ಪುಟ್ಟ ದ್ವೀಪದ ದೊರೆ.

ಬೆಳ್ಳಿತೆರೆಗೆ ಇದು ಹೊಸದಲ್ಲ. 1954ರ ‘ಯುಲಿಸಿಸ್’ನಲ್ಲಿ ಕರ್ಕ್ ಡಗ್ಲಾಸ್ ಹೀರೋ, ಪುಂಡರ ನಾಯಕ ಆಂಟಿನೂಸನಾಗಿ ಆಂಟನಿ ಕ್ವಿನ್. ಸಿಲ್ವಾನಾ ಮಂಗಾನೋದು ದ್ವಿಪಾತ್ರ! ಕಾದು ಕೂತ ಹೆಂಡತಿ ಪೆನೆಲೊಪಿಯೂ ಆಕೆಯೇ, ದಾರಿ ತಪ್ಪಿಸುವ ಮಾಯಗಾತಿ ಸರ್ಸಿಯೂ ಆಕೆಯೇ. 2024ರ ‘ದಿ ರಿಟರ್ನ್’ನಲ್ಲಿ ರಾಲ್ಫ್ ಫೈನ್ಸ್ ಮತ್ತು ಜೂಲಿಯೆಟ್ ಬಿನೋಷ್. ಕ್ರಿಸ್ಟೋಫರ್ ನೋಲನ್ ಕೂಡ ಮ್ಯಾಟ್ ಡೇಮನ್‌ನನ್ನು ಹಾಕಿಕೊಂಡು ಇದೇ ಕಥೆಗೆ ಕೈ ಹಾಕಿದರು. ಬಿಡುಗಡೆಗೆ ಗೊತ್ತು ಮಾಡಿದ ದಿನ 2026ರ ಜುಲೈ 17.

ಇಷ್ಟು ಮಂದಿ ಇದರ ಬೆನ್ನು ಬಿದ್ದಿರುವುದು ಯಾಕೆ? ರಾಕ್ಷಸರಿಗಾಗಿ, ಬಿರುಗಾಳಿಗಾಗಿ ಅಂತ ತಿಳಿದಿದ್ದರೆ ಅರ್ಧ ಮಾತ್ರ ಸರಿ. ಉಳಿದರ್ಧ ಒಂದೇ ಪ್ರಶ್ನೆಯಲ್ಲಿದೆ. ಬಾಗಿಲಿಗೆ ಬಂದ ಅಪರಿಚಿತನನ್ನು ನೀನು ಹೇಗೆ ನಡೆಸಿಕೊಂಡೆ?

ಊಟ ಮೊದಲು, ಹೆಸರು ಆಮೇಲೆ

ಆ ಕಾಲದ ಗ್ರೀಕರಲ್ಲಿ ಒಂದು ಕಟ್ಟುಪಾಡು. ಅದಕ್ಕೆ ‘ಕ್ಸೇನಿಯ’ ಅನ್ನುತ್ತಾರೆ. ಯಾರೇ ಬರಲಿ, ಮೊದಲು ಕೈತೊಳೆಯಲು ನೀರು, ಕೂರಲು ಪೀಠ, ಹೊಟ್ಟೆ ತುಂಬಾ ಊಟ. ನೀನ್ಯಾರು, ಯಾವ ಊರು ಎಂಬ ವಿಚಾರಣೆ ಆಮೇಲೆ. ಹೊರಡುವಾಗ ಕೈಯಲ್ಲಿ ಒಂದು ಉಡುಗೊರೆ. ಇದಕ್ಕೆಲ್ಲ ಕಾವಲು ದೇವರಾಜ ಝ್ಯೂಸ್. ಸ್ವಾರಸ್ಯ ನೋಡಿ, ಅಪರಿಚಿತನಿಗೂ, ಅತಿಥಿಗೂ, ಆತಿಥೇಯನಿಗೂ ಅವರಲ್ಲಿ ಒಂದೇ ಪದ: ‘ಕ್ಸೆನೋಸ್’. ಇವತ್ತು ನಾನು ನಿನ್ನ ಮನೆಗೆ, ನಾಳೆ ನೀನು ನನ್ನ ಮನೆಗೆ!

ಟ್ರಾಯ್ ಯುದ್ಧ ಹುಟ್ಟಿದ್ದೇ ಈ ಕಟ್ಟುಪಾಡು ಮುರಿದದ್ದರಿಂದ. ಮೆನೆಲಾಸನ ಮನೆಯಲ್ಲಿ ಉಂಡ ಪ್ಯಾರಿಸ್, ಅವನ ಹೆಂಡತಿ ಹೆಲೆನಳನ್ನೇ ಕರೆದೊಯ್ದ. ಆ ಯುದ್ಧಕ್ಕೆ ಹತ್ತು ವರ್ಷ, ಒಡಿಸ್ಯೂಸ್ ಮನೆ ಸೇರುವುದಕ್ಕೆ ಇನ್ನೂ ಹತ್ತು ವರ್ಷ.

ಅಳುತ್ತಾ ಬರುವ ಹೀರೋ

ಮೊದಲ ನಾಲ್ಕು ಅಧ್ಯಾಯ ಅಪ್ಪನ ಸುದ್ದಿ ಹುಡುಕುವ ಮಗ ಟೆಲಿಮೇಕಸನದು. ಹೀರೋ ಪ್ರವೇಶ ಐದನೆಯದರಲ್ಲಿ! ಅದೂ ಕತ್ತಿ ಝಳಪಿಸುತ್ತಾ ಅಲ್ಲ, ಕಡಲ ದಡದಲ್ಲಿ ಕೂತು ಅಳುತ್ತಾ! ಕ್ಯಾಲಿಪ್ಸೊ ಎಂಬ ದೇವಕನ್ಯೆ ಏಳು ವರ್ಷ ಅವನನ್ನು ಹಿಡಿದಿಟ್ಟಿದ್ದಾಳೆ. ನನ್ನ ಜೊತೆ ಇದ್ದುಬಿಡು, ಸಾವೇ ಇಲ್ಲದಂತೆ ಮಾಡುತ್ತೇನೆ ಅನ್ನುತ್ತಾಳೆ. ಅವನಿಗೆ ಬೇಡ. ಮುದುಕಿಯಾಗುವ ಹೆಂಡತಿ ಬೇಕು, ಕಲ್ಲುಗುಡ್ಡದ ಊರು ಬೇಕು. ಅತಿಥಿಯನ್ನು ಬೇಗ ಓಡಿಸುವುದೂ ತಪ್ಪು, ಹೋಗಬೇಕು ಅನ್ನುವವನನ್ನು ಹಿಡಿದಿಡುವುದೂ ತಪ್ಪು ಎಂದು ಮೆನೆಲಾಸ್ ಒಂದು ಕಡೆ ಹೇಳುವುದು ಇದಕ್ಕೇ.

ಅಲ್ಲಿಂದ ಬಿಡಿಸಿಕೊಂಡವನು ಬಿರುಗಾಳಿಗೆ ಸಿಕ್ಕಿ, ಮೈಮೇಲೆ ಬಟ್ಟೆಯೂ ಇಲ್ಲದೆ ಫಿಯೇಷಿಯರ ನಾಡಿನ ದಡಕ್ಕೆ ಬೀಳುತ್ತಾನೆ. ಬಟ್ಟೆ ಒಗೆಯಲು ಬಂದ ರಾಜಕುಮಾರಿ ನೌಸಿಕಾಳ ಗೆಳತಿಯರೆಲ್ಲ ಅವನನ್ನು ಕಂಡು ಓಟ ಕಿತ್ತರೆ ಅವಳು ಮಾತ್ರ ನಿಲ್ಲುತ್ತಾಳೆ. ಅರಮನೆಯಲ್ಲಿ ಒಲೆಯ ಬೂದಿಯಲ್ಲಿ ಕೂತ ಅವನನ್ನು ದೊರೆ ಅಲ್ಸಿನೂಸ್ ಕೈಹಿಡಿದು ಎಬ್ಬಿಸಿ, ತನ್ನ ಮುದ್ದಿನ ಮಗನನ್ನೇ ಪೀಠದಿಂದ ಏಳಿಸಿ ಅಲ್ಲಿ ಕೂರಿಸುತ್ತಾನೆ. ಇನ್ನೂ ಹೆಸರು ಕೇಳಿಲ್ಲ!

ಮರುದಿನ ಕುರುಡ ಗಾಯಕನೊಬ್ಬ ಟ್ರಾಯ್ ಯುದ್ಧ ಹಾಡುತ್ತಾನೆ. ಅತಿಥಿ ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಅಳುತ್ತಾನೆ. ಆಗ ದೊರೆ ಕೇಳುತ್ತಾನೆ: ನೀನು ಯಾರಪ್ಪ? ಅಲ್ಲಿಂದ ನಾಲ್ಕು ಅಧ್ಯಾಯ ಫ್ಲ್ಯಾಷ್‌ಬ್ಯಾಕ್!

ಅತಿಥಿಯನ್ನೇ ತಿಂದವನು

ಆ ಫ್ಲ್ಯಾಷ್‌ಬ್ಯಾಕಿನಲ್ಲಿ ಬರುವವನೇ ಒಂಟಿ ಕಣ್ಣಿನ ಪಾಲಿಫೀಮಸ್. ಅವನದೆಲ್ಲ ತಲೆಕೆಳಗು. ಊಟಕ್ಕೆ ಮೊದಲೇ ಹೆಸರು ಕೇಳುತ್ತಾನೆ, ಊಟ ಹಾಕುವ ಬದಲು ಅತಿಥಿಗಳನ್ನೇ ಹೊತ್ತಿಗಿಬ್ಬರಂತೆ ಆರು ಜನರನ್ನು ತಿಂದು ಮುಗಿಸುತ್ತಾನೆ. ನಿನ್ನನ್ನು ಕೊನೆಗೆ ತಿನ್ನುತ್ತೇನೆ, ಅದೇ ನನ್ನ ಉಡುಗೊರೆ ಅನ್ನುತ್ತಾನೆ!

ಆದರೆ ನಮ್ಮ ಹೀರೋ ಕೂಡ ಸಾಚಾ ಅಲ್ಲ ಕಣ್ರೀ. ಮಾಲೀಕನಿಲ್ಲದಾಗ ಗುಹೆಗೆ ನುಗ್ಗಿ ಗಿಣ್ಣು ತಿಂದವರು ಇವರೇ. ಹೊರಟುಬಿಡೋಣ ಎಂದು ಸಂಗಡಿಗರು ಬೇಡಿಕೊಂಡರೂ ಇವನು ಕೇಳಲಿಲ್ಲ. ರಾಕ್ಷಸನ ಕಣ್ಣು ಕಿತ್ತು ತಪ್ಪಿಸಿಕೊಂಡ ಮೇಲಾದರೂ ಬಾಯಿ ಮುಚ್ಚಿಕೊಂಡನೇ? ಹಡಗಿನಿಂದ ತನ್ನ ಹೆಸರು ಕೂಗಿ ಹೇಳಿದ! ರಾಕ್ಷಸನ ತಂದೆ ಕಡಲ ದೇವರು ಪೊಸೈಡನ್. ಆಮೇಲೆ ಕೇಳಬೇಕೇ? ಸಂಗಡಿಗರೆಲ್ಲ ಸತ್ತು, ಪರರ ಹಡಗಿನಲ್ಲಿ ಒಂಟಿಯಾಗಿ ಊರು ಸೇರಬೇಕಾಯಿತು. ಅವನನ್ನು ತಲುಪಿಸಿ ಬಂದ ಫಿಯೇಷಿಯರ ಹಡಗನ್ನೂ ಪೊಸೈಡನ್ ಕಲ್ಲು ಮಾಡಿಬಿಟ್ಟ. ಸತ್ಕಾರ ಪುಕ್ಕಟೆಯಲ್ಲ!

ಹಂದಿ ಕಾಯುವವನ ದೊಡ್ಡತನ

ಇಥಾಕಾದಲ್ಲಿ ಭಿಕ್ಷುಕನನ್ನು ಮೊದಲು ಒಳಗೆ ಕರೆದವನು ಹಂದಿ ಕಾಯುವ ಯೂಮಿಯಸ್. ಕೊಬ್ಬಿದ ಹಂದಿಗಳೆಲ್ಲ ಪುಂಡರ ಪಾಲು. ಇವನಂಥ ಆಳುಗಳಿಗೆ ಮರಿಗಳೇ ಗತಿ. ಅಂಥ ಎರಡು ಮರಿಗಳನ್ನು ಕೊಯ್ದು ಬಡಿಸಿದ. ತನ್ನ ಹೊದಿಕೆ ಹೊದಿಸಿ ಬೆಂಕಿ ಪಕ್ಕ ಮಲಗಿಸಿ, ತಾನು ಹೊರಗೆ ಚಳಿಯಲ್ಲಿ ಹಂದಿಗಳ ಜೊತೆ ಮಲಗಿದ.

ಅರಮನೆಯ ಬಾಗಿಲ ಹೊರಗೆ, ಸಗಣಿ ತಿಪ್ಪೆಯ ಮೇಲೆ ಉಣ್ಣೆ ಹತ್ತಿದ ಮುದಿ ನಾಯಿ ಅರ್ಗೋಸ್. ಇಪ್ಪತ್ತು ವರ್ಷದ ಹಿಂದೆ ಇವನೇ ಸಾಕಿದ್ದು. ಯಾರೂ ಗುರುತಿಸದ ಯಜಮಾನನನ್ನು ಅದು ಗುರುತಿಸಿತು. ಬಾಲ ಆಡಿಸಿತು, ಎದ್ದು ಬರಲು ಆಗಲಿಲ್ಲ. ಮಾತಾಡಿಸಿದರೆ ಗುಟ್ಟು ರಟ್ಟು. ಒಡಿಸ್ಯೂಸ್ ಕಣ್ಣೊರೆಸಿಕೊಂಡು ಮುಂದೆ ನಡೆದ. ನಾಯಿ ಅಲ್ಲೇ ಪ್ರಾಣ ಬಿಟ್ಟಿತು. ಕಲ್ಲೆದೆಯವನೂ ಕರಗುವ ದೃಶ್ಯ!

ಒಳಗೆ ಆಂಟಿನೂಸ್ ಕಾಲುಮಣೆ ಎತ್ತಿ ಅವನ ಬಲಭುಜಕ್ಕೆ ಎಸೆದ. ಇನ್ನೊಬ್ಬ ‘ತಗೋ ಉಡುಗೊರೆ’ ಎಂದು ಎತ್ತಿನ ಗೊರಸು ಎಸೆದ.

ಒಳ್ಳೆಯವನೂ ಸತ್ತ!

ಆ ಪುಂಡರಲ್ಲಿ ಒಬ್ಬ ಒಳ್ಳೆಯ ಹುಡುಗನಿದ್ದ, ಆಂಫಿನೋಮಸ್. ಭಿಕ್ಷುಕನಿಗೆ ಎರಡು ರೊಟ್ಟಿ ಕೊಟ್ಟ, ಚಿನ್ನದ ಬಟ್ಟಲು ಎತ್ತಿ ಒಳ್ಳೆಯದಾಗಲಿ ಎಂದು ಹಾರೈಸಿದ. ಒಡಿಸ್ಯೂಸನ ಮನಸ್ಸು ಕರಗಿತು. ಈ ಮನೆ ಯಜಮಾನ ಬರುವ ಕಾಲ ಹತ್ತಿರ, ನೀನು ಊರಿಗೆ ಹೋಗಿಬಿಡು ಎಂದು ಎಚ್ಚರಿಸಿದ. ಹುಡುಗನ ಎದೆ ಧಸಕ್ಕೆಂದಿತು. ತಲೆ ತಗ್ಗಿಸಿಕೊಂಡು ಹೋದ... ಹೋಗಿ ಮತ್ತೆ ಅದೇ ಪೀಠದಲ್ಲಿ ಕೂತ! ಗೆಳೆಯರ ಗುಂಪು ಬಿಟ್ಟು ಏಳಲಾಗಲಿಲ್ಲ. ಕ್ಲೈಮ್ಯಾಕ್ಸಿನಲ್ಲಿ ಟೆಲಿಮೇಕಸನ ಈಟಿ ಅವನ ಬೆನ್ನಿಗೆ ಬಿತ್ತು.

ತಪ್ಪೆಂದು ಗೊತ್ತಿದ್ದೂ ಗೆಳೆಯರ ಮುಲಾಜಿಗೆ ಕೂತವರು ನಮ್ಮಲ್ಲಿ ಎಷ್ಟು ಜನವಿಲ್ಲ?

ಪುಂಡರನ್ನು ಕೊಂದ ಬಿಲ್ಲು ಕೂಡ ಇಫಿಟಸ್ ಎಂಬ ಗೆಳೆಯ ಸ್ನೇಹದ ಗುರುತಾಗಿ ಕೊಟ್ಟದ್ದು. ಆ ಇಫಿಟಸ್ ಅತಿಥಿಯಾಗಿ ಹೋದ ಮನೆಯಲ್ಲೇ ಕೊಲೆಯಾದವನು! ಅತಿಥಿ ಧರ್ಮದ ಸೇಡಿಗೆ ಅದೇ ಬಿಲ್ಲು. ಪುಂಡರ ಕಥೆ ಮುಗಿಯಿತು, ಶಿಳ್ಳೆ ಹೊಡೆಯಿರಿ. ಆದರೆ ಅದಾದ ಮೇಲೆ ಹನ್ನೆರಡು ಮಂದಿ ದಾಸಿಯರನ್ನೂ ಹಗ್ಗಕ್ಕೆ ಹಾಕುತ್ತಾರೆ. ಅಲ್ಲಿ ಶಿಳ್ಳೆ ಗಂಟಲಲ್ಲೇ ನಿಲ್ಲುತ್ತದೆ. ಮನೆಗೆ ಬಂದದ್ದೇನೋ ನಿಜ, ಆದರೆ ನೆಲವೆಲ್ಲ ರಕ್ತ.

ಕೊನೆಗೆ ಅಪ್ಪ

ಪೆನೆಲೊಪಿ ಸುಲಭಕ್ಕೆ ನಂಬುವವಳಲ್ಲ. ‘ಮಂಚವನ್ನು ಕೋಣೆಯಿಂದ ಆಚೆ ತಂದು ಹಾಸಿ’ ಅನ್ನುತ್ತಾಳೆ. ಒಡಿಸ್ಯೂಸ್ ಸಿಡಿದೇಳುತ್ತಾನೆ. ಅದರ ಒಂದು ಕಾಲು ನೆಲದಲ್ಲಿ ಬೇರು ಬಿಟ್ಟ ಆಲಿವ್ ಮರ, ಅಲ್ಲಾಡಿಸುವುದು ಹೇಗೆ? ಈ ಗುಟ್ಟು ಬಲ್ಲವನು ಗಂಡನೇ. ಆಮೇಲೆ ಅವಳಿಗೆ ಅಳು ತಡೆಯಲಿಲ್ಲ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ತೋಟದಲ್ಲಿ ತೇಪೆ ಬಟ್ಟೆಯ ಮುದುಕ ಲೇಯರ್ಟೀಸ್ ಗಿಡದ ಬುಡ ಅಗೆಯುತ್ತಿದ್ದಾನೆ. ಹೀರೋನ ಅಪ್ಪ. ಮಗನೆಂಬುದಕ್ಕೆ ಸಾಕ್ಷಿ ಕೇಳುತ್ತಾನೆ. ಒಡಿಸ್ಯೂಸ್ ಕಾಲಿನ ಗಾಯದ ಗುರುತು ತೋರಿಸುತ್ತಾನೆ. ಆಮೇಲೆ, ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ತೋಟ ಸುತ್ತುವಾಗ ಅಪ್ಪ ‘ಇವು ನಿನಗೆ’ ಎಂದು ಕೊಟ್ಟಿದ್ದ ಗಿಡಗಳನ್ನು ಎಣಿಸುತ್ತಾನೆ. ಪೇರ್ ಹಣ್ಣಿನ ಮರ 13, ಸೇಬು 10, ಅಂಜೂರ 40, ದ್ರಾಕ್ಷಿ ಸಾಲು 50. ಮುದುಕನ ಮೊಣಕಾಲು ಕುಸಿಯುತ್ತದೆ. ಮಗ ಹಿಡಿದುಕೊಳ್ಳುತ್ತಾನೆ.

ಊರು ಬಿಟ್ಟು ಬಂದಿರುವ ಮಿತ್ರರೇ, ನಿಮ್ಮ ಬಸ್ಸು ಬರುವುದರೊಳಗೆ ಒಂದು ಸಲ ನೆನಪು ಮಾಡಿಕೊಳ್ಳಿ. ನಿಮ್ಮ ಮನೆ ಹಿತ್ತಲಲ್ಲಿ ಮರ ಎಷ್ಟಿವೆ?